ಮೊದಲು ಮುಳ್ಳಿನ ಮೊನೆ

ಗ್ರಾಮಾಫೋನ್ ತಟ್ಟೆಗಳ ಮೇಲಣ ಒಲವು ಈಚಿನ ವರ್ಷಗಳಲ್ಲಿ ತರುಣರಲ್ಲಿ ಮತ್ತೆ ಚಿಗುರಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಧ್ವನಿ ತುಸು ಒರಟಾಗಿ ಕೇಳಿಸಿದೊಡನೆ ಹೊಸ ಆಂಪ್ಲಿಫಯರನ್ನೋ ದೊಡ್ಡ ಸ್ಪೀಕರುಗಳನ್ನೋ ಕೊಳ್ಳಲು ಹೊರಡುವುದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ. ಸುಧಾರಣೆ ಆರಂಭವಾಗಬೇಕಾದುದು ಮುಳ್ಳು ತಟ್ಟೆಯನ್ನು ಮುಟ್ಟುವ ಸ್ಥಳದಲ್ಲಿ. ಮುಳ್ಳು ತಪ್ಪಾಗಿ ಓದಿದ್ದನ್ನು ಮುಂದಿನ ಆಂಪ್ಲಿಫಯರು ತಿದ್ದಲಾರದು. ಆ ತಪ್ಪನ್ನೇ ದೊಡ್ಡದು ಮಾಡಿ ಕೇಳಿಸೀತು, ಅಷ್ಟೆ.

ಆ ಸ್ಥಳದಲ್ಲಿ ನಡೆಯುವುದೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ಸ್ಟೀರಿಯೊ ತಟ್ಟೆಯ ತೋಡಿಗೆ ಎರಡು ಗೋಡೆಗಳು. ಅವುಗಳ ನಡುವಣ ಕೋನ 90 ಡಿಗ್ರಿ. ಮುಳ್ಳಿನ ಭಾರ 2 ಗ್ರಾಂ ಆದರೆ ಒಂದೊಂದು ಗೋಡೆಯ ಮೇಲೂ ಸುಮಾರು 1.4 ಗ್ರಾಂ ತೂಕದಷ್ಟು ಬಲ ಬೀಳುತ್ತದೆ. ಇದು ಅತ್ಯಲ್ಪವೆನಿಸಬಹುದು. ಆದರೆ ಮುಳ್ಳು ಗೋಡೆಯನ್ನು ಮುಟ್ಟುವ ಜಾಗವು ಮಿಲಿಮೀಟರಿನ ನೂರರಲ್ಲೊಂದು ಭಾಗ ಬಾಹುವುಳ್ಳ ಚೌಕವೆಂದು ಭಾವಿಸಿದರೆ, ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ 1400 ಕಿಲೋಗ್ರಾಂ! ಮೊನೆ ನುಣುಪಾಗಿದ್ದರೆ ವಿನೈಲ್ ತನ್ನ ಸ್ಥಿತಿಸ್ಥಾಪಕತ್ವದಿಂದ ಇದನ್ನು ತಾಳಿಕೊಳ್ಳುತ್ತದೆ. ಸವೆದು ಅಂಚುಗಟ್ಟಿದ ಮೊನೆಯಾದರೆ ಗೋಡೆಯನ್ನೇ ಕೆತ್ತುತ್ತದೆ. ಹಾಗೆಂದು ಭಾರವನ್ನು ಮಿತಿಮೀರಿ ಇಳಿಸುವುದೂ ಸಲ್ಲದು. ಹಗುರವಾದ ಮುಳ್ಳು ತೋಡಿನಲ್ಲಿ ಕುಪ್ಪಳಿಸಿ ಅದೇ ಗೋಡೆಗಳನ್ನು ಗಾಯಗೊಳಿಸುತ್ತದೆ.

ಇನ್ನೊಂದು ಸಂಗತಿ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಹೊರಅಂಚಿನಲ್ಲಿ ತೋಡು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರು ವೇಗದಿಂದ ಹಾದುಹೋದರೆ, ಒಳಭಾಗದಲ್ಲಿ ಸುಮಾರು 21 ಸೆಂಟಿಮೀಟರು ವೇಗದಿಂದ ಮಾತ್ರ ಸಾಗುತ್ತದೆ. ಅದೇ ಸ್ವರದ ಅಲೆಗಳು ಅಲ್ಲಿ ಅರ್ಧಕ್ಕಿಂತಲೂ ಕಡಿಮೆ ಉದ್ದದಲ್ಲಿ ಅಡಕವಾಗಿರುತ್ತವೆ. ಆದುದರಿಂದ ಮುಳ್ಳಿನ ದೋಷಗಳೆಲ್ಲ ಕೊನೆಯ ಹಾಡಿನಲ್ಲಿ ಎದ್ದು ಕೇಳಿಸುತ್ತವೆ.

ಈ ಪಾಠವನ್ನು ನಾವು ಕಲಿತದ್ದು ನಷ್ಟದಿಂದ. ನಮ್ಮ ಮನೆಯಲ್ಲಿ ತಂದೆಯವರ ಕಾಲದ ಕೆಲವು ತಟ್ಟೆಗಳಿವೆ. ಕೊನೆಯ ಹಾಡುಗಳಲ್ಲಿ ಒಡಕು ದನಿ ಬರತೊಡಗಿದಾಗ ದೋಷ ತಟ್ಟೆಗಳದೆಂದೇ ಬಗೆದು ತಿಂಗಳುಗಟ್ಟಲೆ ನುಡಿಸಿದೆವು. ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗಲೇ ಮುಳ್ಳು ಸವೆದಿದ್ದುದು ತಿಳಿದದ್ದು. ಹೊಸ ಮುಳ್ಳು ಹಾಕಿದ ಮೇಲೆ ಉಳಿದ ತಟ್ಟೆಗಳು ಶುದ್ಧವಾಗಿ ನುಡಿದವು. ನಾವು ಅಕ್ಕರೆಯಿಂದ ದಿನವೂ ಕೇಳುತ್ತಿದ್ದ ತಟ್ಟೆಯೊಂದು ಮಾತ್ರ ಒರಟಾಗಿಯೇ ಉಳಿಯಿತು. ಅದನ್ನು ಕೆಡಿಸಿದವರು ನಾವೇ!

ಆದ್ದರಿಂದ ಹಣವುಳ್ಳವರೂ ಇಲ್ಲದವರೂ ಈ ಕ್ರಮವನ್ನು ಅನುಸರಿಸುವುದು ಲೇಸು. ವಜ್ರದ ಮುಳ್ಳು ಸಾಮಾನ್ಯವಾಗಿ 500ರಿಂದ 1000 ಗಂಟೆ ಬಾಳುತ್ತದೆ. ನುಡಿಸಿದ ಗಂಟೆಗಳ ಲೆಕ್ಕವಿಡಬೇಕು. ತಯಾರಕರು ಹೇಳಿದ ಭಾರವನ್ನು ಸಣ್ಣ ತಕ್ಕಡಿಯಿಂದ ಅಳೆದು ಹೊಂದಿಸಬೇಕು. ಮುಳ್ಳು ತೋಡಿಗೆ ನೇರವಾಗಿ ನಿಲ್ಲುವಂತೆ ಕಾರ್ಟ್ರಿಜ್ಜನ್ನು ಕೂರಿಸಬೇಕು. ರಸಮಟ್ಟವಿಟ್ಟು ಟರ್ನ್‌ಟೇಬಲನ್ನು ಸಮಗೊಳಿಸಬೇಕು. ಸ್ಪೀಕರಿನ ಅದುರು ಮುಳ್ಳನ್ನು ತಲಪದಂತೆ ಎರಡನ್ನೂ ಬೇರೆ ಬೇರೆ ಮೇಜುಗಳ ಮೇಲಿಡಬೇಕು. 78 ಸುತ್ತಿನ ಅರಗಿನ ತಟ್ಟೆಗಳ ತೋಡು ಅಗಲವಾದುದರಿಂದ ಅವಕ್ಕೆ ಬೇರೆಯದೇ ಮುಳ್ಳು ಬೇಕು.

ಇಷ್ಟೆಲ್ಲ ಆದ ಮೇಲೂ ತೃಪ್ತಿಯಾಗದಿದ್ದರೆ ಹೊಸ ಸಲಕರಣೆಯ ಯೋಚನೆ ಮಾಡಬಹುದು. ಆಂಪ್ಲಿಫಯರನ್ನು ನಾಳೆಯೂ ಕೊಳ್ಳಬಹುದು. ಕೆತ್ತಿಹೋದ ತೋಡನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.