ನೂಕುವವರಿಲ್ಲದ ಉಯ್ಯಾಲೆ

ಒಬ್ಬರೇ ಸಿನಿಮಾಕ್ಕೆ ಹೋಗುವುದನ್ನು ಬೆಂಗಳೂರು ಒಪ್ಪಿಕೊಂಡು ಬಹಳ ಕಾಲವಾಯಿತು. ದರ್ಶಿನಿಯಲ್ಲಿ ಒಬ್ಬರೇ ನಿಂತು ತಿನ್ನುವುದಂತೂ ಈ ಊರಿನ ರೂಢಿ. ಒಬ್ಬರೇ ತಿರುಪತಿಗೆ ಹೋದರೆ ಭಕ್ತಿ ಎನ್ನುತ್ತಾರೆ, ಒಬ್ಬರೇ ಕುಮಾರಪರ್ವತ ಹತ್ತಿದರೆ ಸಾಹಸ ಎನ್ನುತ್ತಾರೆ. ಆದರೆ ತಲೆ ನರೆಯತೊಡಗಿದವನೊಬ್ಬ ಆಷಾಢದ ಜಿಟಿಜಿಟಿ ಮಳೆಯಲ್ಲಿ ಕೊಡೆ ಬಿಚ್ಚಿಕೊಂಡು ಬಿಡದಿಯ ವಂಡರ್‌ಲಾ ಥೀಮ್ ಪಾರ್ಕಿಗೆ ಒಬ್ಬನೇ ಹೊರಟರೆ ಏನೆನ್ನಬೇಕೋ ಯಲಹಂಕದ ನಮ್ಮ ಅಟ್ಟೂರು ಬಡಾವಣೆಗೆ ತಿಳಿಯುವುದಿಲ್ಲ. ಹಾಲಿನ ಬೂತಿನ ಹತ್ತಿರ ಸಿಕ್ಕ ನೆರೆಮನೆಯ ಹಿರಿಯರು, "ಮಕ್ಳನ್ನ ಕರ್ಕೊಂಡು ಬರೋಕೆ ಹೋಗ್ತಿದೀರಾ?" ಎಂದು ಕೇಳಿದರು. "ಇಲ್ಲ, ನಾನೇ ಆಡೋಕೆ" ಎಂದೆ. ನಕ್ಕರು. ಸ್ವಲ್ಪ ತಡೆದು, "ಮನೇಲಿ ಎಲ್ಲಾ ಸರಿಯಾಗಿದೆ ತಾನೇ?" ಎಂದರು.

ಪ್ರಶ್ನೆಯಲ್ಲಿ ಕಾಳಜಿ ಇತ್ತು, ನಮ್ಮ ಸಂಸ್ಕೃತಿಯ ಒಂದು ಹಳೆಯ ನಂಬಿಕೆಯೂ ಇತ್ತು. ಆಟ ಎಂದರೆ ಜನ ಇರಬೇಕು. ಒಬ್ಬನೇ ಅಳಬಹುದು, ಒಬ್ಬನೇ ಧ್ಯಾನ ಮಾಡಬಹುದು, ಒಬ್ಬನೇ ಆಡಬಾರದು.

ಅಟ್ಟೂರಿನಿಂದ ಬಿಡದಿ ಎಂದರೆ ಊರಿನ ಉತ್ತರದ ತುದಿಯಿಂದ ನೈರುತ್ಯದ ಆಚೆಗೆ, ಹತ್ತಿರಹತ್ತಿರ 45 ಕಿ.ಮೀ. ಯಲಹಂಕದಿಂದ ಮೆಜೆಸ್ಟಿಕ್‌ಗೆ ಬಸ್ಸು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ, ಆಮೇಲೆ ಮತ್ತೆ ಮೈಸೂರು ರಸ್ತೆಯ ಬಸ್ಸು. 2023ರ ಅಕ್ಟೋಬರ್‌ನಲ್ಲಿ ಮೆಟ್ರೊ ಚಲ್ಲಘಟ್ಟ ಮುಟ್ಟಿದ ಮೇಲೆ ಕೆಂಗೇರಿಯ ಟ್ರಾಫಿಕ್ಕಿನಲ್ಲಿ ಕೊಳೆಯುವುದು ತಪ್ಪಿದೆ, ಅಷ್ಟು ಪುಣ್ಯ. ನಮ್ಮ ಕಡೆಗೆ ಜಯಮಹಲ್‌ನ ಫನ್‌ವರ್ಲ್ಡ್ ಪಾರ್ಕೇ ಹತ್ತಿರ. ಆದರೆ ಬಿಡದಿಗೆ ಹೋಗುವವನ ಲೆಕ್ಕದಲ್ಲಿ ಅಲ್ಲಿನ ತಟ್ಟೆ ಇಡ್ಲಿಯೂ ಇರುತ್ತದೆ ಎಂಬುದನ್ನು ಮುಚ್ಚಿಡುವುದೇಕೆ?

ಉತ್ತರ ಬೆಂಗಳೂರಿನವರಿಗೆ ಮಳೆ ಎಂದರೆ ಮೊದಲು ನೆನಪಾಗುವುದು ಮೋಜಲ್ಲ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ ಅಲ್ಲಿನ ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. ಅದೇ ಅಕ್ಟೋಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕ್‌ನೊಳಗೆ ನೀರು ಧುಮ್ಮಿಕ್ಕಿದ್ದನ್ನು ಕಂಡು ಜನ ಹೊಸ ಜಲಪಾತ ಸಿಕ್ಕಿತೆಂದು ಗೇಲಿ ಮಾಡಿದರು. ಮಳೆಗಾಲದಲ್ಲಿ ದೋಣಿ ಹತ್ತಲು ನಾವು ಟಿಕೆಟ್ ಕೊಳ್ಳಬೇಕಾಗಿಲ್ಲ. ಹಾಗಿದ್ದೂ ದುಡ್ಡು ಕೊಟ್ಟು ನೆನೆಯುವ ಆಸೆ ಹೋಗಿಲ್ಲವಲ್ಲ, ಅದು ಸೋಜಿಗ.

ಈ ಆಸೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡವರು ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ. ವಿ-ಗಾರ್ಡ್ ಸ್ಟೆಬಿಲೈಸರ್ ಮಾರಿ ಹೆಸರಾದ ಕೇರಳದ ಉದ್ಯಮಿ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಶುರುಮಾಡಿದರು, 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ಬಂತು, 2016ರಲ್ಲಿ ಹೈದರಾಬಾದಿನದು. ಮನೆಮನೆಯ ವೋಲ್ಟೇಜ್ ಏರಿಳಿತವನ್ನು ತಡೆಯುವ ಪೆಟ್ಟಿಗೆ ಮಾಡಿದವರೇ ಕೊನೆಗೆ ಏರಿಳಿತವನ್ನೇ ಮಾರಲು ಕೂತರು!

ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆಯೇ "ಎಷ್ಟು ಜನ ಸರ್?" "ಒಬ್ನೇ" ಎಂದರೆ ಟಿಕೆಟ್ ಕೊಡುವ ಹುಡುಗಿ ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ಒಮ್ಮೆ ಕಣ್ಣು ಹಾಯಿಸುತ್ತಾಳೆ. ಇಂಥ ಜಾಗಗಳ ರಿಯಾಯಿತಿಗಳಲ್ಲಿ ಹೆಚ್ಚಿನವು ಕುಟುಂಬಕ್ಕೆ, ಕಾಲೇಜಿನ ಗುಂಪಿಗೆ, ಆಫೀಸಿನವರ ಔಟಿಂಗಿಗೆ. ಒಳಗೆ ಹೋದರೆ ಹೆಚ್ಚಿನ ಆಟಗಳಲ್ಲಿ ಇಬ್ಬಿಬ್ಬರಿಗೆ ಒಂದು ಸೀಟು. ನೀರಿನ ಆಟಕ್ಕೆ ನೈಲಾನ್ ಬಟ್ಟೆ ತೊಡಬೇಕು, ಕಳಚಿಟ್ಟ ಪ್ಯಾಂಟು, ಪರ್ಸು, ಫೋನು ಕಾಯಲು ಯಾರೂ ಇಲ್ಲ, ಎಲ್ಲವನ್ನೂ ಲಾಕರಿಗೆ ತಳ್ಳಬೇಕು. ಫೋನು ಲಾಕರಿಗೆ ಹೋದ ಕ್ಷಣಕ್ಕೆ ಒಂಟಿತನ ಪೂರ್ತಿಯಾಗುತ್ತದೆ. ಫೋಟೊ ತೆಗೆಯುವವರಿಲ್ಲ, ಕಳಿಸುವುದಕ್ಕೆ ಫೋಟೊವೂ ಇಲ್ಲ. ಇನ್ನು ಆಡುವುದೊಂದೇ ಉಳಿದದ್ದು.

ಆಡುವುದರ ಬಗ್ಗೆ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಒಬ್ಬ ದೊರೆ ಗಂಭೀರವಾಗಿ ಯೋಚಿಸಿದ್ದ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳು, ಇಪ್ಪತ್ತಿಪ್ಪತ್ತರಂತೆ ಐದು ಭಾಗ. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು, ಭೋಗ, ವಿನೋದ ಆದ ಮೇಲೆ ಐದನೆಯ ಭಾಗ ಪೂರ್ತಿ ಕ್ರೀಡೆಗೆ ಮೀಸಲು. ಅದರಲ್ಲಿ ಉಯ್ಯಾಲೆಯ ಆಂದೋಲನ ಕ್ರೀಡೆ ಇದೆ, ನೀರೆರಚುವ ಸೇಚನ ಕ್ರೀಡೆ ಇದೆ, ಮರಳಿನ ಆಟ, ಬೆಳದಿಂಗಳಿನ ಆಟ, ಕತ್ತಲೆಯ ಆಟ ಕೂಡ ಇದೆ. ಇಂದಿನ ಥೀಮ್ ಪಾರ್ಕಿನ ನಕ್ಷೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಆ ಪಟ್ಟಿಗೂ ಇದಕ್ಕೂ ಬಹಳ ದೂರವಿಲ್ಲ. (ಉದ್ದಿನ ಇಡ್ಲಿಯ ಪಾಕವನ್ನು ಬರೆದಿಟ್ಟವನೂ ಇದೇ ಸೋಮೇಶ್ವರ. ಬಿಡದಿಯವರು ಅವನಿಗೊಂದು ಪ್ರತಿಮೆ ನಿಲ್ಲಿಸಿದರೂ ತಪ್ಪಿಲ್ಲ.) ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲೂ ವನವಿಹಾರ, ಜಲಕ್ರೀಡೆ ಇರಲೇಬೇಕು. ಜೈನ ಕವಿಯಾದರೂ ಸರಿ, ವೈರಾಗ್ಯದ ಕಥೆಯಾದರೂ ಸರಿ, ಒಂದು ಕೊಳ ಸಿಕ್ಕರೆ ಕವಿ ಎಲ್ಲರನ್ನೂ ಇಳಿಸಿ ನೆನೆಸಿಯೇ ಮುಂದೆ ಹೋಗುತ್ತಾನೆ.

ಎಲ್ಲರನ್ನೂ. ಅರಸ ಒಬ್ಬನೇ ಕೊಳಕ್ಕಿಳಿದು ಆಡಿದ ಪ್ರಸಂಗವನ್ನು ನಾನು ಓದಿಲ್ಲ. ಸೇಚನ ಕ್ರೀಡೆಗೆ ಎರಚುವವರು ಬೇಕು, ಎರಚಿಸಿಕೊಳ್ಳುವವರು ಬೇಕು. ಅರಮನೆಯ ಮಾತು ಬಿಡಿ, ಊರಿನ ಆಟಗಳೂ ಹೀಗೆಯೇ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಮರಕ್ಕೆ ಜೋಕಾಲಿ ಕಟ್ಟಿದರೆ ಕೂರುವವಳೊಬ್ಬಳು, ಜೀಕಿಸುವವರು ಇನ್ನಿಬ್ಬರು. ಫುಗಡಿ ಆಡಲು ಎದುರಿನವಳ ಕೈ ಹಿಡಿಯಲೇಬೇಕು, ಬಿಟ್ಟರೆ ಇಬ್ಬರೂ ಬೀಳುತ್ತಾರೆ. ಜಾತ್ರೆಯ ಮರದ ತೊಟ್ಟಿಲನ್ನು ತಿರುಗಿಸಲು ಒಬ್ಬ ಗಟ್ಟಿಮುಟ್ಟಾದ ಆಳು ಕಂಬಿಗೆ ಜೋತುಬೀಳುತ್ತಿದ್ದ. ಅವನ ಬೆವರು ನೋಡುತ್ತಲೇ ನಾವು ಮೇಲೆ ಹೋಗುತ್ತಿದ್ದೆವು. ಆಟದ ಸುಖಕ್ಕೆ ಇನ್ನೊಬ್ಬರ ತೋಳು ಬೇಕಿತ್ತು.

ಮೋಟಾರು ಬಂದು ಆ ತೋಳನ್ನು ತೆಗೆದುಹಾಕಿತು. ಥೀಮ್ ಪಾರ್ಕಿನ ಬಗ್ಗೆ ನನಗೆ ಮುಖ್ಯವಾಗಿ ಕಾಣುವುದು ಇದು: ಒಬ್ಬನೇ ಆಡುವುದನ್ನು ಮನುಷ್ಯನಿಗೆ ಸಾಧ್ಯ ಮಾಡಿಕೊಟ್ಟದ್ದೇ ಈ ಯಂತ್ರ. ನೂಕುವವರು ಬೇಡವಾದ ಉಯ್ಯಾಲೆಯನ್ನು ಕಟ್ಟಿದವರು, ಅದರಲ್ಲಿ ಒಬ್ಬನೇ ಬಂದು ಕೂತವನನ್ನು ಕಂಡು ಮಾತ್ರ ಗಲಿಬಿಲಿಗೊಳ್ಳುತ್ತಾರೆ.

ಫ್ರಾನ್ಸಿನ ರೋಜೆ ಕೈವಾ 1958ರಲ್ಲಿ ಆಟಗಳ ಕುರಿತು ಬರೆದ ಪುಸ್ತಕದಲ್ಲಿ ಜಗತ್ತಿನ ಆಟಗಳನ್ನೆಲ್ಲ ನಾಲ್ಕಾಗಿ ವಿಂಗಡಿಸಿದ: ಪೈಪೋಟಿಯವು, ಅದೃಷ್ಟದವು, ವೇಷದವು, ತಲೆಸುತ್ತಿನವು. ಮಕ್ಕಳು ಅಂಗಳದಲ್ಲಿ ಗಿರಗಿರ ತಿರುಗಿ ಧೊಪ್ಪನೆ ಬೀಳುವುದು ನಾಲ್ಕನೆಯ ಬಗೆ. ಪೈಪೋಟಿಗೆ ಎದುರಾಳಿ ಬೇಕು, ವೇಷಕ್ಕೆ ನೋಡುವವರು ಬೇಕು. ತಲೆಸುತ್ತಿಗೆ ಬೇಕಾದದ್ದು ಒಳಗಿವಿಯ ಮೂರು ಅರೆವೃತ್ತ ನಾಳಗಳು, ಅವುಗಳಲ್ಲಿ ತುಳುಕುವ ಒಂದಿಷ್ಟು ದ್ರವ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ, ಮಿದುಳು ಕಂಗಾಲಾಗುತ್ತದೆ. ಮುಂದಕ್ಕೆ ಹೋದ ಹಳಿಯಲ್ಲೇ ಹಿಮ್ಮುಖವಾಗಿ ವಾಪಸು ಎಳೆದುತರುವ ರಿಕಾಯಿಲ್ ಎಂಬ ರೋಲರ್ ಕೋಸ್ಟರ್‌ನಲ್ಲಿ ಕೂತಾಗ ಪಕ್ಕದಲ್ಲಿ ಹೆಂಡತಿ ಇದ್ದರೂ ಒಂದೇ, ಅಪರಿಚಿತ ಇದ್ದರೂ ಒಂದೇ. ತಲೆಕೆಳಗಾದ ಆ ಕ್ಷಣದಲ್ಲಿ ಯಾರಿಗೂ ಯಾರೂ ಇಲ್ಲ. ಜೊತೆ ಬೇಕಾಗುವುದು ಇಳಿದ ಮೇಲೆ, ಹೇಳಿಕೊಳ್ಳಲು.

ಮಳೆಯ ದಿನ ಬೇರೆ ರೀತಿಯದು. ಸಾಲುಗಳು ಕರಗಿರುತ್ತವೆ. ಶಾಲೆಯ ಬಸ್ಸುಗಳು ಬಂದಿರುವುದಿಲ್ಲ, ಬಂದಿದ್ದರೂ ಮಕ್ಕಳನ್ನು ಮೇಷ್ಟ್ರು ಛಾವಣಿಯ ಕೆಳಗೆ ನಿಲ್ಲಿಸಿರುತ್ತಾರೆ. ಜಿನುಗಿಗೆ ಆಟ ನಿಲ್ಲುವುದಿಲ್ಲ. ಜೋರಾದರೆ, ಮಿಂಚು ಕಂಡರೆ, ಎತ್ತರದವನ್ನೂ ಕೊಳಗಳನ್ನೂ ನಿಲ್ಲಿಸುತ್ತಾರೆ. ಹೊರಗೆ ನಿಂತವನಿಗೆ ಇದು ಕಿರಿಕಿರಿ. ಕಾರಣ ತಿಳಿದರೆ ಸಮಾಧಾನ. ಹಳಿ, ಚಕ್ರ, ಬ್ರೇಕು ಒದ್ದೆಯಾದರೆ ಘರ್ಷಣೆ ಕಡಿಮೆಯಾಗಿ ಬಂಡಿ ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಜಾರಬಹುದು. ಉಕ್ಕಿನ ಗೋಪುರವಂತೂ ಸಿಡಿಲಿಗೆ ಕೈಬೀಸಿ ಕರೆದ ಹಾಗೆ. ಇನ್ನು ದೊಡ್ಡ ಮಳೆಹನಿ ತಾನೇ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಬೀಳುತ್ತಿರುತ್ತದೆ. ನೀವು ಅದರ ಎರಡರಷ್ಟು ವೇಗದಲ್ಲಿ ಎದುರಾದರೆ ಹನಿಗಳು ಮುಖಕ್ಕೆ ಚುಚ್ಚುತ್ತವೆ.

ಮಳೆ ಹಿಡಿದು ಬಿಟ್ಟ ಮೇಲೆ ಒಂದು ನೋಟ ಸಿಗುತ್ತದೆ. ಬಿಸಿಲಿನ ದಿನ ಸಾಲಿನಲ್ಲಿ ಒದ್ದಾಡುವವರ ಕಣ್ಣಿಗೆ ಇದು ಬೀಳುವುದು ಕಷ್ಟ. ಸೀಟುಗಳನ್ನೆಲ್ಲ ಬಟ್ಟೆಯಲ್ಲಿ ಒರೆಸಿ, ಕಂಬಿಗಳನ್ನು ಇಳಿಸಿ ಬಿಗಿಮಾಡಿ, ಬಂಡಿಯನ್ನು ಖಾಲಿ ಬಿಡುತ್ತಾರೆ. ಅರಚುವವರಿಲ್ಲದೆ ಅದು ಏರಿ, ತಿರುಚಿ, ತಲೆಕೆಳಗಾಗಿ, ಹಳಿಯ ನೀರನ್ನು ಎರಡೂ ಬದಿಗೆ ಚಿಮ್ಮಿಸುತ್ತ ಬಂದು ನಿಲ್ಲುತ್ತದೆ. ನಿಯಂತ್ರಣದ ಪೆಟ್ಟಿಗೆಯ ಹಿಂದೆ ನಿಂತ ಹುಡುಗ ಕಣ್ಣು ಕಿರಿದು ಮಾಡಿ ನೋಡುತ್ತಿರುತ್ತಾನೆ. "ಇನ್ನೊಂದ್ಸಲ ಖಾಲಿ ಬಿಟ್ಟು ನೋಡ್ತೀವಿ ಸರ್, ಆಮೇಲೆ ಬನ್ನಿ" ಎಂದ. ಕಾಯುವವನು ನಾನೊಬ್ಬನೇ ಇದ್ದುದರಿಂದ ಮಾತು ಬೆಳೆಯಿತು. ಹತ್ತಿರದ ಹಳ್ಳಿಯವನು, ರೇಷ್ಮೆ ಬೆಳೆಯುವ ಮನೆಯವನು. "ನೀನು ಕೂತಿದ್ದೀಯಾ ಇದರಲ್ಲಿ?" ಎಂದೆ. "ಸೇರಿದ ಹೊಸದ್ರಲ್ಲಿ ಸರ್. ಈಗ ನೋಡಿದ್ರೆ ಸಾಕು, ಶಬ್ದದಲ್ಲೇ ಗೊತ್ತಾಗುತ್ತೆ." ಶಬ್ದದಲ್ಲಿ ಏನು ಗೊತ್ತಾಗುತ್ತದೆ ಎಂದು ಕೇಳಿದೆ. ಒದ್ದೆ ಹಳಿಗೂ ಒಣ ಹಳಿಗೂ ಬಂಡಿಯ ಸದ್ದು ಬೇರೆ, ಚಕ್ರದಲ್ಲಿ ಐಬಿದ್ದರೆ ಅದರ ಸದ್ದು ಇನ್ನೂ ಬೇರೆ ಎಂದ. ನಾನು ಕೂತ ಮೇಲೆ ಎದೆಯ ಮೇಲಿನ ಕಂಬಿಯನ್ನು ಒತ್ತಿ, ಮತ್ತೊಮ್ಮೆ ಎಳೆದು ನೋಡಿ, ಬೆರಳೆತ್ತಿ ತೋರಿಸಿ ಹೋದ. ನೂಕುವ ತೋಳು ಪೂರ್ತಿ ಮಾಯವಾಗಿಲ್ಲ, ಕಂಬಿಯನ್ನು ಎಳೆದು ನೋಡುವ ಕೈಯಾಗಿ ಉಳಿದಿದೆ. ಗುಂಪಿನಲ್ಲಿ ಬಂದವರು ಆ ಕೈಯ ಕಡೆ ಗಮನ ಕೊಡುವುದಿಲ್ಲ, ಪಕ್ಕದವನನ್ನು ಹೆದರಿಸುವುದರಲ್ಲಿ ಮುಳುಗಿರುತ್ತಾರೆ.

ರೇನ್ ಡಿಸ್ಕೊ ಕೂಡ ನೋಡಿದೆ. ಹೊರಗೆ ಪುನರ್ವಸು ಮಳೆ ತನ್ನ ಪಾಡಿಗೆ ತಾನು ಸುರಿಯುತ್ತಿದೆ. ಒಳಗೆ ಚಾವಣಿಯಿಂದ ಇನ್ನೊಂದು ಮಳೆ, ಬಣ್ಣದ ದೀಪ, ಎದೆ ನಡುಗಿಸುವ ಹಾಡು. ಹೊರಗಿನ ಮಳೆಗೆ ಓಡಿಬಂದು ಒಳಗಿನ ಮಳೆಯಲ್ಲಿ ಕುಣಿಯುತ್ತಿದ್ದರು! ಮೊದಲಿಗೆ ನನಗೂ ನಗು ಬಂತು. ಆದರೆ ಸೋಮೇಶ್ವರನ ಸೇಚನ ಕ್ರೀಡೆಯಲ್ಲೂ ನೀರು ಸುರಿದದ್ದು ಮೋಡದಿಂದಲ್ಲವಲ್ಲ. ನೀರು ತಾನಾಗಿ ಬಿದ್ದರೆ ಹವಾಮಾನ, ಬೇಕೆಂದಾಗ ಸುರಿಸಿ ಬೇಡವೆಂದಾಗ ನಿಲ್ಲಿಸಿದರೆ ಆಟ. ಕೇಂದ್ರೀಯ ವಿಹಾರದವರಿಗೆ ಈ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ನಾನು ನಿಜಕ್ಕೂ ಪೆಚ್ಚಾಗಿ ನಿಂತದ್ದು ಈ ಡಿಸ್ಕೊದಲ್ಲಿಯೇ. ತಲೆಸುತ್ತಿನ ಆಟ ಒಂಟಿಗೆ ಒಗ್ಗುತ್ತದೆ, ಕುಣಿತ ಒಗ್ಗುವುದಿಲ್ಲ. ಎರಡು ನಿಮಿಷ ಗೋಡೆಗೆ ಒರಗಿ ನೆನೆದು ಹೊರಗೆ ಬಂದೆ.

ಇಂದಿನ ಥೀಮ್ ಪಾರ್ಕಿನ ಮಾದರಿ ಹುಟ್ಟಿದ್ದೂ ಬೆಂಚಿನ ಮೇಲೆ ಒಬ್ಬನೇ ಕೂತವನ ಬೇಸರದಿಂದ. ವಾಲ್ಟ್ ಡಿಸ್ನಿ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳನ್ನು ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದ. ಮಕ್ಕಳೂ ದೊಡ್ಡವರೂ ಒಟ್ಟಿಗೆ ಆಡುವ ಜಾಗ ಏಕಿಲ್ಲ ಎಂದು ಯೋಚಿಸಿದ್ದು ಆಗಲೇ ಎಂದು ತಾನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಆ ದಿನ ಮಳೆಯ ಬದಲು ಬಿಸಿಲು ಕಾಡಿತು, ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. 1983ರಲ್ಲಿ ಟೋಕಿಯೊದಲ್ಲಿ ಕಟ್ಟುವಾಗ ಅಲ್ಲಿನ ಮಳೆಗೆ ಹೆದರಿ ಮುಖ್ಯ ಬೀದಿಗೇ ಗಾಜಿನ ಚಾವಣಿ ಹಾಕಿದರು. ಬೆಂಚಿನ ಮೇಲಿನ ಆ ಒಂಟಿತನವನ್ನು ಅಳಿಸಲು ಕಟ್ಟಿದ ಜಾಗ ಇದು ಎಂದ ಮೇಲೆ, ಒಬ್ಬನೇ ಬಂದವನಿಗೆ ಇಲ್ಲಿ ಸ್ಥಾನ ಇಲ್ಲದಿರುವುದು ಸಹಜವೇ.

ಇಷ್ಟು ಹೇಳಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಗಂಡಸು, ಒದ್ದೆ ಬಟ್ಟೆಯಲ್ಲಿ ಒಬ್ಬನೇ ಅಡ್ಡಾಡಿದರೆ ಹೆಚ್ಚೆಂದರೆ ಜನ ಮರುಕಪಡುತ್ತಾರೆ. ಒಬ್ಬಳೇ ಬಂದ ಹೆಣ್ಣುಮಗಳಿಗೆ ಅಷ್ಟಕ್ಕೇ ಬಿಡುವುದಿಲ್ಲ. ಗೋಪುರದ ಮೇಲಿನ ಸ್ಕೈ ವ್ಹೀಲ್ ಹತ್ತಲು ಲಿಫ್ಟಿನ ಮುಂದೆ ನಿಂತಿದ್ದ ಯುವತಿಯೊಬ್ಬಳನ್ನು ನಾಲ್ಕಾರು ಹುಡುಗರ ಗುಂಪು ಕೇಳಿದ ಪ್ರಶ್ನೆಯೂ "ಒಬ್ರೇನಾ?" ಎಂದೇ. ನನ್ನನ್ನು ಕೇಳಿದ ದನಿಯೇ ಬೇರೆ, ಅವಳನ್ನು ಕೇಳಿದ ದನಿಯೇ ಬೇರೆ. ಅವಳು ಉತ್ತರ ಕೊಡದೆ ಮುಂದಿನ ಲಿಫ್ಟಿಗೆ ಕಾದಳು. ಅಷ್ಟರಲ್ಲಿ ಅಲ್ಲಿದ್ದ ಮಹಿಳಾ ಸಿಬ್ಬಂದಿ ಅವಳ ಪಕ್ಕ ಬಂದು ನಿಂತರು.

ಹೋಗುವ ಮನಸ್ಸಿದ್ದವರಿಗೆ ಇಷ್ಟು ಹೇಳಬಲ್ಲೆ. ಏಪ್ರಿಲ್, ಮೇ ತಿಂಗಳ ಮಳೆ ಬೇಡ, ಅದು ಸಂಜೆಯ ಹೊತ್ತಿಗೆ ಗುಡುಗು ಸಿಡಿಲಿನೊಂದಿಗೆ ಬಂದು ಎಲ್ಲವನ್ನೂ ನಿಲ್ಲಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನದಂತೂ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಜೋರು. ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗಿನ ಜಿನುಗು ಮಳೆಯಲ್ಲಿ ಸಿಡಿಲು ಅಪರೂಪ. ವಾರದ ನಡುವೆ ಹೋಗಿ, ಎರಡು ಜೊತೆ ಒಣ ಬಟ್ಟೆ ಒಯ್ಯಿರಿ.

ಪಾರ್ಕ್ ನಡೆಸುವವರಲ್ಲೂ ಒಂದು ವಿನಂತಿ. ಮೂವರು ಬಂದಲ್ಲಿ ನಾಲ್ಕನೆಯ ಸೀಟು, ಐವರು ಬಂದಲ್ಲಿ ಆರನೆಯ ಸೀಟು ಖಾಲಿ ಹೋಗುತ್ತಲೇ ಇರುತ್ತದೆ. ಹೊರದೇಶಗಳ ದೊಡ್ಡ ಪಾರ್ಕುಗಳು ಇಂಥ ಸೀಟು ತುಂಬಲೆಂದೇ ಒಬ್ಬರೇ ಬಂದವರಿಗೆ ಬೇರೆ ಸಾಲು ಇಟ್ಟಿವೆ. ಖರ್ಚೇನೂ ಇಲ್ಲ, ಒಂದು ಹಗ್ಗ, ಒಂದು ಬೋರ್ಡು ಸಾಕು. ಬೋರ್ಡನ್ನು ಕನ್ನಡದಲ್ಲಿ ಬರೆಸಿ, ಹೆಂಗಸರು ನಿರಾಳವಾಗಿ ನಿಲ್ಲುವಂತೆ ಆ ಸಾಲನ್ನು ಸಿಬ್ಬಂದಿಯ ಕಣ್ಣೆದುರಿಗೇ ಇಡಿ.