ಅರವತ್ತು ದಿನ ಯಾರು ಕಾಯಬೇಕು?

2025ರ ದೀಪಾವಳಿಗೆ ನಮ್ಮ ಆಫೀಸಿನ ಎಂಬತ್ತು ಮಂದಿಗೆ ಗಿಫ್ಟ್ ಆರಿಸೋ ಕೆಲಸ ನನ್ನ ತಲೆಗೆ ಬಂತು. ಪ್ರತಿ ವರ್ಷ ಅದೇ ಪವರ್ ಬ್ಯಾಂಕ್, ಅದೇ ನೀರಿನ ಬಾಟಲಿ, ತಳದಲ್ಲಿ 'ಮೇಡ್ ಇನ್ ಚೈನಾ'. ನಾನು ಬೀದರದವನು. "ಈ ಸಲ ನಮ್ಮೂರ ಬಿದ್ರಿ ಕೊಡೋಣ" ಅಂದೆ. ಫೋಟೋ ನೋಡಿ ಎಲ್ಲರೂ ಒಪ್ಪಿದರು.

ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದಾಗ ಚೌಬಾರಾ ಹತ್ತಿರದ ಗಲ್ಲಿಯಲ್ಲಿ ಪರಿಚಯದ ಚಾಚಾ ಒಬ್ಬರ ಮುಂದೆ ಕೂತೆ. ಸಣ್ಣ ಕೀಚೈನ್ ಆದರೂ ಅದು ಒಬ್ಬರ ಕೆಲಸ ಅಲ್ಲ. ಸತು, ಅದಕ್ಕೆ ಸ್ವಲ್ಪ ತಾಮ್ರ ಕೂಡಿಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯೋರು ಒಬ್ಬರು, ಅರದಿಂದ ಉಜ್ಜಿ ನಯ ಮಾಡೋರು ಇನ್ನೊಬ್ಬರು. ಆಮೇಲೆ ಮೈಲುತುತ್ತ ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ, ಉಳಿಯಿಂದ ಗೀರಿದ ಗೆರೆ ಕಣ್ಣಿಗೆ ಕಾಣಲಿ ಅಂತ. ಆ ಗೆರೆಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಕಡೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಲ್ಲಿ ಅದ್ದಿದರೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೀತದ. ಬಿಸಿಲು ಮಳೆ ಬೀಳದ ಜಾಗದ ಮಣ್ಣೇ ಬೇಕು, ಸರಿ ಇದೆಯೋ ಇಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡೋ ಕಾರೀಗರರು ಈಗಲೂ ಇದ್ದಾರೆ. ಎಂಬತ್ತು ಕೀಚೈನ್ ಅಂದ್ರೆ ಆ ಗಲ್ಲಿಯ ಐದಾರು ಮನೆಗೆ ತಿಂಗಳ ಕೆಲಸ.

ಚಾಚಾ ರೇಟ್ ಹೇಳಿದರು. ನಮ್ಮ ಬಜೆಟ್ಟಿಗೆ ಕೂತಿತು. ಆಮೇಲೆ ಕೇಳಿದರು, "ಅಡ್ವಾನ್ಸ್ ಎಷ್ಟು ಕೊಡ್ತಿ ಬೇಟಾ?"

ನಾನು ಅದನ್ನ ಯೋಚನೆನೇ ಮಾಡಿರಲಿಲ್ಲ.

ನಮ್ಮ ಕಂಪನಿ ಬಿಲ್ ಕೊಟ್ಟ ಅರವತ್ತು ದಿನಕ್ಕೆ ರೊಕ್ಕ ಹಾಕುತ್ತದೆ. ಅದಕ್ಕೂ ಮೊದಲು ಮಾರುವವರ ಹೆಸರು ಪೋರ್ಟಲ್‌ನಲ್ಲಿ ಸೇರಬೇಕು, ಅಲ್ಲಿ ಜಿಎಸ್‌ಟಿ ನಂಬರ್ ಕಡ್ಡಾಯ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರೋ, ರಾಜ್ಯದೊಳಗೇ ಸರಕು ಮಾರೋ ಚಾಚಾನಂಥವರಿಗೆ ಕಾನೂನು ಆ ನಂಬರ್ ಕೇಳೋದೇ ಇಲ್ಲ. ಆದರೆ ನಮ್ಮ ಫಾರ್ಮ್ ಕೇಳುತ್ತದೆ. ಇಂಥ ಫಾರ್ಮ್ ಬರೆದು ಹೊಟ್ಟೆ ಹೊರೆಯೋನು ನಾನೇ. ಒಂದು ಕಾಲಮ್ಮಿನ ಪಕ್ಕ ಕೆಂಪು ಚುಕ್ಕೆ ಇಡೋದು ಒಂದು ಸಾಲಿನ ಕೋಡ್. ಅದರಿಂದ ಯಾರು ಹೊರಗೆ ಉಳಿದರು ಅಂತ ಎಂದೂ ನೋಡಿದ್ದಿಲ್ಲ.

"ಬೆಳ್ಳಿ ಅಂಗಡ್ಯಾಂವ ಉದ್ರಿ ಕೊಡಂಗಿಲ್ಲ" ಅಂದ್ರು ಚಾಚಾ. ವರ್ಷದ ಮೊದಲಿಗೆ ಲಕ್ಷದೊಳಗಿದ್ದ ಕಿಲೋ ಬೆಳ್ಳಿ ಆಗ ಒಂದೂಕಾಲು ಲಕ್ಷ ದಾಟಿತ್ತು. ಬೆಳ್ಳಿಗೂ ರೊಕ್ಕ, ಎರಕದವನಿಗೆ ವಾರದ ಕೂಲಿ, ಎಲ್ಲಾ ಕೈಯಿಂದಲೇ ಹಾಕಿ ಅರವತ್ತು ದಿನ ಯಾರು ಕಾಯ್ತಾರೆ?

ನಮ್ಮ ದೇಶದ ತಯಾರಿಕೆ ಯಾಕೆ ಸೊರಗಿತು ಅಂದ್ರೆ ಎಲ್ಲರೂ ಚೀನಾದ ಅಗ್ಗದ ಮಾಲಿನ ಕಡೆ ಬೆರಳು ತೋರಿಸ್ತೀವಿ. 2014ರಲ್ಲಿ 'ಮೇಕ್ ಇನ್ ಇಂಡಿಯಾ' ಶುರುವಾದಾಗ ಜಿಡಿಪಿಯಲ್ಲಿ ತಯಾರಿಕೆಯ ಪಾಲು ಶೇ 25ಕ್ಕೆ ಏರಿಸೋ ಗುರಿ ಇತ್ತು, ಅದರ ಹತ್ತಿರಕ್ಕೂ ಹೋಗಲಿಲ್ಲ. ಅಗ್ಗದ ಮಾಲು ದೊಡ್ಡ ಕಾರಣ, ಸುಳ್ಳಲ್ಲ. ಆದರೆ ಇಲ್ಲಿ ರೇಟ್ ಕೂತಿತ್ತು, ಮಾಲು ಮೆಚ್ಚಿಗೆ ಆಗಿತ್ತು. ಆದರೂ ಆರ್ಡರ್ ಪವರ್ ಬ್ಯಾಂಕ್ ತರಿಸಿ ಮಾರೋ ಏಜೆನ್ಸಿಗೇ ಹೋಯ್ತು. ಅವರು ಅರವತ್ತಲ್ಲ, ತೊಂಬತ್ತು ದಿನ ಬೇಕಾದರೂ ಕಾಯ್ತಾರೆ, ಬ್ಯಾಂಕಿನ ಸಾಲ ಇದೆ.

ಬಿದ್ರಿಗೆ 2006ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. 2023ರಲ್ಲಿ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಸ್ಟೇಟಸ್ ಹಾಕಿದ್ವಿ, ನಾನೂ ಹಾಕಿದ್ದೆ. ಜಿಐ ಇದ್ದರೆ ಬೇರೆ ಕಡೆಯ ಮಾಲಿಗೆ ಆ ಹೆಸರು ಹಚ್ಚಂಗಿಲ್ಲ, ಅಷ್ಟೇ. ಮುಂದಿನ ಆರ್ಡರಿನ ಬೆಳ್ಳಿ ಕೊಳ್ಳಲು ಅದು ರೊಕ್ಕ ಕೊಡೋದಿಲ್ಲ. ಚಾಚಾನ ಮಗ ಉಳಿ ಹಿಡಿಯೋದು ಕಲಿತಿದ್ದ, ಈಗ ಹೈದರಾಬಾದಿನಲ್ಲಿ ಊಟದ ಡೆಲಿವರಿ ಮಾಡ್ತಾನೆ. ವಾರಕ್ಕೊಮ್ಮೆ ರೊಕ್ಕ ಬರ್ತದ ಅಂತ ಹೋದ. ಅವನ ಲೆಕ್ಕ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಕಡೆಗೆ ಟೀಮಿನ ಇಪ್ಪತ್ತಮೂರು ಮಂದಿ ಸ್ವಂತ ರೊಕ್ಕ ಯುಪಿಐ ಮಾಡಿದರು, ಪೂರ್ತಿ ಮುಂಗಡ. ಇಪ್ಪತ್ತಮೂರು ಕೀಚೈನ್ ಹಬ್ಬದ ಎರಡು ದಿನ ಮೊದಲೇ ಬಂದವು.

ಈ ಸಲ ಊರಿಗೆ ಹೋದಾಗ ಚಾಚಾನ ಫೋನಿನಿಂದಲೇ ಉದ್ಯಮ್ ನೋಂದಣಿ ಮಾಡಿಸಿದೆ. ಆಧಾರ್ ಓಟಿಪಿ, ಪ್ಯಾನ್ ನಂಬರ್ ಇದ್ದರೆ ಸಾಕು, ಫೀಸೂ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ತಯಾರಕರಿಗೆ 45 ದಿನದೊಳಗೆ ಪಾವತಿ ಆಗಬೇಕು. ಆ ನಂಬರ್ ಇಟ್ಟು ನಮ್ಮ ಖರೀದಿ ವಿಭಾಗಕ್ಕೆ ಮೇಲ್ ಹಾಕಿದ್ದೀನಿ: ಜಿಎಸ್‌ಟಿ ಕಾಲಮ್ ಖಾಲಿ ಬಿಡೋಕೆ ಅವಕಾಶ ಕೊಡಿ, ಅರ್ಧ ರೊಕ್ಕ ಮುಂಗಡ ಕೊಡಿ. ಎರಡು ಸಲ ನೆನಪಿಸಿದೆ. "ಪಾಲಿಸಿ ನೋಡ್ತೀವಿ" ಅಂದಿದ್ದಾರೆ.