ಹೊಲದಲ್ಲಿ ರಾತ್ರಿ ಕಳೆಯುವವರಿಗೂ ಒಂದು ಆಕಾಶದ ಕ್ಯಾಲೆಂಡರ್ ಬೇಕು

2023ರ ಡಿಸೆಂಬರ್. ಬರದ ವರ್ಷ. ಮುಂಗಾರು ಕೈಕೊಟ್ಟಿತ್ತು, ಬೋರ್‌ನಲ್ಲಿ ನೀರು ಬೆರಳ ಗಾತ್ರಕ್ಕೆ ಇಳಿದಿತ್ತು. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಬರುತ್ತಿದ್ದುದು ರಾತ್ರಿ ಪಾಳಿಯಲ್ಲಿ. ಅಪ್ಪ ಕಂಬಳಿ ಹೊದ್ದು, ಬ್ಯಾಟರಿ ಹಿಡಿದು ಹಿಂಗಾರಿ ಜೋಳಕ್ಕೆ ನೀರು ಹಾಯಿಸಲು ಹೋಗುತ್ತಿದ್ದರು.

14ರ ರಾತ್ರಿ ಹೋದವರು ಬೆಳಿಗ್ಗೆ ಬಂದು ಚಹಾ ಮುಟ್ಟದೆ ಕಟ್ಟೆಯ ಮೇಲೆ ಕೂತರಂತೆ. ಅವ್ವ ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟರು. "ರಾತ್ರಿ ಚುಕ್ಕಿ ಬಿದ್ದವು. ಒಂದಲ್ಲ ಎರಡಲ್ಲ. ಇಪ್ಪತ್ತರ ತನಕ ಎಣಿಸಿದೆ, ಆಮ್ಯಾಲೆ ಬಿಟ್ಟೆ. ಈ ವರ್ಷ ಇನ್ನೂ ಏನು ಕಾದೈತೋ."

ಚುಕ್ಕಿ ಬಿದ್ದರೆ ಯಾರೋ ದೊಡ್ಡವರು ಹೋದರು, ಇಲ್ಲವೇ ಕೇಡು ಬರುತ್ತದೆ ಅನ್ನುವ ಮಾತು ನಮ್ಮಲ್ಲಿದೆ. ಒಂದು ಬಿದ್ದರೇ ಹಾಗೆ. ಇಪ್ಪತ್ತು ಬಿದ್ದರೆ? ಅದೂ ಬರದ ವರ್ಷದಲ್ಲಿ, ತಲೆಯ ಮೇಲೆ ಸಾಲ ಇರುವಾಗ? ಅಪ್ಪ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಆ ರಾತ್ರಿ ನಾನು ಪೇಟೆಯ ಬಾಡಿಗೆ ರೂಮಿನಲ್ಲಿದ್ದೆ. ಇವತ್ತು ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ, ತಪ್ಪದೇ ನೋಡಿ ಅಂತ ಫೋನಿಗೆ ಸುದ್ದಿ ಬಂದಿತ್ತು. ಅದನ್ನು ನಾಲ್ಕು ಗ್ರೂಪ್‌ಗಳಿಗೆ ಫಾರ್ವರ್ಡ್ ಮಾಡಿ ಮಾಳಿಗೆ ಹತ್ತಿದೆ. ಬೀದಿದೀಪ, ಜಾಹೀರಾತು ಫಲಕ, ಎದುರಿನ ಕಲ್ಯಾಣ ಮಂಟಪದ ಲೈಟು. ಅರ್ಧ ಗಂಟೆ ಕತ್ತು ನೋಯಿಸಿಕೊಂಡೆ, ಒಂದೂ ಕಾಣಲಿಲ್ಲ. ಇಳಿದು ಬಂದು ಮಲಗಿದೆ. ಹೊಲದಲ್ಲಿ, ನಿಜವಾದ ಕತ್ತಲಲ್ಲಿ ನಿಂತಿದ್ದ ಅಪ್ಪನಿಗೆ ಒಂದು ಫೋನ್ ಮಾಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಈ ಲೇಖನ ಬರೆಯಲು ಕಾರಣ ಅದೇ. ಇಂಥ ತಾರೀಖುಗಳ ಪಟ್ಟಿ ಪೇಟೆಯವರ ಕೈಯಲ್ಲಿದೆ. ಅದನ್ನು ನೋಡಲು ಬೇಕಾದ ಆಕಾಶ ಹಳ್ಳಿಯವರ ತಲೆಯ ಮೇಲಿದೆ. ಇವೆರಡೂ ಒಂದೇ ಕಡೆ ಸೇರಬೇಕು ಅನ್ನುವುದು ನನ್ನ ವಾದ.

ಮಳೆಯ ಹೆಸರು ಗೊತ್ತು, ನಕ್ಷತ್ರ ಗೊತ್ತಿಲ್ಲ

ಆಕಾಶ ರೈತರಿಗೆ ಹೊಸದೇನಲ್ಲ. ಭರಣಿ ಮಳೆ ಧರಣಿ ಬೆಳೆ ಅನ್ನುತ್ತೇವೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುತ್ತೇವೆ. ಮೃಗಶಿರಾ, ಆರಿದ್ರಾ, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಸ್ವಾತಿ ಎಲ್ಲವೂ ನಕ್ಷತ್ರಗಳ ಹೆಸರುಗಳೇ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಅವನು ಯಾವುದರಲ್ಲಿ ಇದ್ದಾನೋ ಆಗ ಬರುವ ಮಳೆಗೆ ಅದೇ ಹೆಸರು.

ಹಾಗಾಗಿ ಮಳೆ ಬರುವಾಗ ಆ ಮಳೆಯ ನಕ್ಷತ್ರ ಕಣ್ಣಿಗೆ ಬೀಳುವುದಿಲ್ಲ. ಅದು ಸೂರ್ಯನ ಜೊತೆಗೇ ಹುಟ್ಟಿ, ಸೂರ್ಯನ ಜೊತೆಗೇ ಮುಳುಗುತ್ತಿರುತ್ತದೆ. ನೋಡಬೇಕೆಂದರೆ ಸುಮಾರು ಆರು ತಿಂಗಳು ಆಚೀಚೆ ಹೋಗಬೇಕು.

ಅಂದರೆ ಈಗ. ಜನವರಿಯಲ್ಲಿ ಊಟ ಮುಗಿಸಿ ಎಂಟು ಗಂಟೆಗೆ ಹೊರಗೆ ಬಂದು ಪೂರ್ವಕ್ಕೆ ಮುಖ ಮಾಡಿ. ಮೂರು ಚುಕ್ಕಿ ಒಂದೇ ಗೆರೆಯಲ್ಲಿ ಹತ್ತಿರ ಹತ್ತಿರ ಕಾಣುತ್ತವೆ. ಅದರ ಎಡಕ್ಕೆ ಕೆಂಪಗೆ ಇರುವುದೇ ಆರಿದ್ರಾ. ಆರಿದ್ರಾದ ಹತ್ತಿರ, ಸ್ವಲ್ಪ ಮೇಲೆ, ಮಂಕಾಗಿರುವ ಚಿಕ್ಕ ಗುಂಪು ಮೃಗಶಿರಾ. ಮೂರು ಚುಕ್ಕಿಯ ಗೆರೆಯನ್ನು ಮೇಲಕ್ಕೆ ಎಳೆದರೆ ರೋಹಿಣಿ, ಇನ್ನೂ ಮೇಲೆ ಹೋದರೆ ಕೃತ್ತಿಕೆಯ ಗೊಂಚಲು. ಅದೇ ಗೆರೆಯನ್ನು ಕೆಳಕ್ಕೆ ಎಳೆದರೆ ಧಗಧಗ ಹೊಳೆಯುವ ಲುಬ್ಧಕ. ಎಡಗಡೆ ಜೋಡಿಯಾಗಿ ಇರುವುದು ಪುನರ್ವಸು. ಮೇ ಎರಡನೇ ವಾರದಿಂದ ಜುಲೈ ಮೂರನೇ ವಾರದವರೆಗಿನ ಐದು ಮಳೆಗಳು ಒಂದೇ ನೋಟದಲ್ಲಿ ಸಿಕ್ಕವು.

ನನಗೆ ಇದು ಗೊತ್ತಾಗಿದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಶಾಲೆಯಲ್ಲಿ ಸೌರಮಂಡಲದ ಚಿತ್ರ ಬಿಡಿಸಿ ಹತ್ತು ಅಂಕ ತಗೊಂಡಿದ್ದೆ. ಮನೆಯಲ್ಲಿ ಮಳೆಗಳ ಹೆಸರು ಬಾಯಿಪಾಠ ಇತ್ತು. ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ತೋರಿಸಲಿಲ್ಲ.

ಗೋಡೆಯ ಕ್ಯಾಲೆಂಡರ್ ಏನು ಹೇಳುತ್ತದೆ

ನಮ್ಮ ಮನೆಯ ಗೋಡೆಗೆ 2026ರ ಹೊಸ ಕ್ಯಾಲೆಂಡರ್ ಬಂದಿದೆ. ಹಬ್ಬ, ಜಾತ್ರೆ, ಮದುವೆ ಮುಹೂರ್ತ, ರಾಹುಕಾಲ ಎಲ್ಲ ಇದೆ. ಆಕಾಶದ ವಿಷಯ ಬರುವುದು ಗ್ರಹಣಕ್ಕೆ ಮಾತ್ರ. ಅಲ್ಲೂ ಯಾವಾಗ ಊಟ ಬಿಡಬೇಕು, ಯಾವ ರಾಶಿಗೆ ದೋಷ ಅನ್ನುವುದೇ ಮುಖ್ಯ. ಯಾವ ದಿಕ್ಕಿಗೆ ನೋಡಬೇಕು, ಏನು ಕಾಣುತ್ತದೆ ಅಂತ ಇಲ್ಲ.

2025ರ ಸೆಪ್ಟೆಂಬರ್ 7ರ ರಾತ್ರಿ ನೆನಪಿರಬಹುದು. ಹನ್ನೊಂದರಿಂದ ಹನ್ನೆರಡೂ ಇಪ್ಪತ್ತೆರಡರವರೆಗೆ, 82 ನಿಮಿಷ ಪೂರ್ಣ ಚಂದ್ರಗ್ರಹಣ. ನಮ್ಮ ಓಣಿಯಲ್ಲಿ ಎಂಟಕ್ಕೇ ಬಾಗಿಲು ಹಾಕಿದ್ದವು. ಮೋಡದ ಸಂದಿಯಲ್ಲಿ ಚಂದ್ರ ತಾಮ್ರದ ತಟ್ಟೆಯ ಹಾಗೆ ಕಂಡಾಗ ಬೀದಿಯಲ್ಲಿ ಇದ್ದದ್ದು ನಾನು, ಪಕ್ಕದ ಮನೆಯ ಇಬ್ಬರು ಹುಡುಗರು, ಒಂದು ನಾಯಿ. ಬಸುರಿಯಾಗಿದ್ದ ನಮ್ಮ ಸಂಬಂಧಿಕರೊಬ್ಬರನ್ನು ಕಿಟಕಿಗೂ ಬಟ್ಟೆ ಕಟ್ಟಿ ಒಳಗೆ ಕೂರಿಸಿದ್ದರು. ಸಂಜೆಯಿಂದ ನೀರು ಕೂಡ ಕೊಟ್ಟಿರಲಿಲ್ಲ.

ಸ್ನಾನ, ಜಪ, ಉಪವಾಸ ಅವರವರ ನಂಬಿಕೆ. ಅದರ ಜೊತೆ ನನ್ನ ಜಗಳ ಇಲ್ಲ. ಆದರೆ ಬಸುರಿಗೆ ನೀರು ಕೊಡದೆ ಇರುವುದು ನಂಬಿಕೆ ಅಲ್ಲ, ಹಿಂಸೆ. ಚಂದ್ರಗ್ರಹಣ ಅಂದರೆ ನಮ್ಮ ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು, ಅಷ್ಟೇ. ಬರಿಗಣ್ಣಲ್ಲಿ ನೋಡಬಹುದು. ಎಚ್ಚರ ಬೇಕಾದದ್ದು ಸೂರ್ಯಗ್ರಹಣಕ್ಕೆ. ಸೂರ್ಯನನ್ನು ಬರಿಗಣ್ಣಲ್ಲಿ ಎಂದೂ ನೋಡಬಾರದು.

ಇನ್ನೊಂದು ಕಡೆ ವಾಟ್ಸಾಪ್. ಆಗಸ್ಟ್ 27ರಂದು ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ ಅನ್ನುವ ಸುಳ್ಳು 2003ರಿಂದ ಸುತ್ತುತ್ತಿದೆ. ಈ ವರ್ಷವೂ ಬರುತ್ತದೆ. ಸರಿಯಾದ ಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಸುಳ್ಳಿಗೇ ಜಾಗ.

ಈ ವರ್ಷ ನಮ್ಮೂರಿಂದ ಏನೇನು ಕಾಣುತ್ತದೆ

ದುರ್ಬೀನು ಬೇಡ, ಆ್ಯಪ್ ಬೇಡ. ಇಷ್ಟನ್ನು ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ.

ಜನವರಿ 10: ಗುರು ಗ್ರಹ ಸೂರ್ಯನ ಎದುರು ದಿಕ್ಕಿಗೆ ಬರುತ್ತದೆ. ಸಂಜೆ ಪೂರ್ವದಲ್ಲಿ ಹುಟ್ಟಿ ರಾತ್ರಿಯಿಡೀ ಇರುತ್ತದೆ. ಪುನರ್ವಸು ಹತ್ತಿರ ಮಿನುಗದೆ ಹೊಳೆಯುವ ದೊಡ್ಡ ಚುಕ್ಕಿಯೇ ಅದು. ತಿಂಗಳಿಡೀ ಚೆನ್ನಾಗಿ ಕಾಣುತ್ತದೆ.

ಮಾರ್ಚ್ 3, ಹೋಳಿ ಹುಣ್ಣಿಮೆ: ಚಂದ್ರಗ್ರಹಣ. ಪೂರ್ಣ ಹಂತ ಸಂಜೆ ಐದೂವರೆಗೇ ಮುಗಿದಿರುತ್ತದೆ, ಆಗ ನಮ್ಮಲ್ಲಿ ಚಂದ್ರ ಹುಟ್ಟಿರುವುದಿಲ್ಲ. ಸುಮಾರು ಆರೂವರೆಗೆ ಚಂದ್ರ ಮೇಲೇಳುವಾಗ ಒಂದು ಭಾಗ ಇನ್ನೂ ನೆರಳಲ್ಲೇ ಇರುತ್ತದೆ. 6.47ಕ್ಕೆ ನೆರಳು ಬಿಡುತ್ತದೆ. ಸಿಗುವುದು ಕಾಲು ಗಂಟೆ ಮಾತ್ರ. ಪೂರ್ವಕ್ಕೆ ಗಿಡಮರ, ಗುಡ್ಡ ಅಡ್ಡ ಇಲ್ಲದ ಹೊಲ ಬೇಕು. ನಮಗೆ ಕಾಣುವ ಮುಂದಿನ ಪೂರ್ಣ ಚಂದ್ರಗ್ರಹಣಕ್ಕೆ 2028ರ ಡಿಸೆಂಬರ್ 31ರವರೆಗೆ ಕಾಯಬೇಕು.

ಮೇ 31: ಮೇ 1ರಂದೂ ಹುಣ್ಣಿಮೆ, 31ರಂದೂ ಹುಣ್ಣಿಮೆ. ಇಂಗ್ಲಿಷ್ ತಿಂಗಳಲ್ಲಿ ಎರಡನೆಯದು ಬಂದರೆ ಅದನ್ನು ನೀಲಿ ಚಂದ್ರ ಅನ್ನುತ್ತಾರೆ. ಬಣ್ಣ ನೀಲಿ ಆಗುವುದಿಲ್ಲ, ಮೆಸೇಜ್ ನಂಬಬೇಡಿ. ಮೇ 17ರಿಂದ ಜೂನ್ 15ರವರೆಗೆ ನಮ್ಮ ಅಧಿಕ ಮಾಸವೂ ಇದೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಅದನ್ನು ಸರಿದೂಗಿಸಲು ಹಿರಿಯರು ಮಾಡಿದ ಲೆಕ್ಕವೇ ಅಧಿಕ ಮಾಸ.

ಜೂನ್ 8, 9: ಮೃಗಶಿರಾ ಮಳೆ ಶುರುವಾಗುವ ದಿನಗಳು. ಹೊತ್ತು ಮುಳುಗಿದ ಮೇಲೆ ಪಶ್ಚಿಮದಲ್ಲಿ ಶುಕ್ರ ಮತ್ತು ಗುರು ಪಕ್ಕಪಕ್ಕ ಬರುತ್ತವೆ. ನಡುವಿನ ಅಂತರ ಮೂರು ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಎರಡರಲ್ಲಿ ಹೆಚ್ಚು ಹೊಳೆಯುವುದು ಶುಕ್ರ, ನಮ್ಮ ಬೆಳ್ಳಿ ಚುಕ್ಕಿ. ಮೋಡ ಬಿಡುವು ಕೊಡಬೇಕು.

ಆಗಸ್ಟ್ 12, 13: ಪರ್ಸೀಡ್ ಉಲ್ಕಾವೃಷ್ಟಿ, ಅಮಾವಾಸ್ಯೆಯ ಕತ್ತಲು. ಮಧ್ಯರಾತ್ರಿ ಮೇಲೆ ಈಶಾನ್ಯ ದಿಕ್ಕು. ಆದರೆ ಆಶ್ಲೇಷ ಮಳೆಯ ಕಾಲ, ಮಲೆನಾಡು, ಕರಾವಳಿಯವರಿಗೆ ಆಸೆ ಕಡಿಮೆ. ಬಯಲುಸೀಮೆಯಲ್ಲಿ ಮೋಡ ಒಡೆದರೆ ನೋಡಿ. 12ರಂದು ಸ್ಪೇನ್, ಐಸ್‌ಲ್ಯಾಂಡ್ ಕಡೆ ಪೂರ್ಣ ಸೂರ್ಯಗ್ರಹಣ ಇದೆ. ಆಗ ನಮಗೆ ರಾತ್ರಿ. ಆಗಸ್ಟ್ 28ರ ಚಂದ್ರಗ್ರಹಣವೂ ನಮಗೆ ಕಾಣುವುದಿಲ್ಲ. ಹೆದರಿಸುವವರಿಗೆ ಇದನ್ನು ಹೇಳಿ.

ಅಕ್ಟೋಬರ್ 4: ಶನಿ ಗ್ರಹ ರಾತ್ರಿಯಿಡೀ ಕಾಣುತ್ತದೆ. ಬರಿಗಣ್ಣಿಗೆ ಬಳೆ ಕಾಣದು. ಹಳದಿ ಬಣ್ಣದ ಶಾಂತ ಚುಕ್ಕಿ, ಅಷ್ಟೇ. ಶನಿಯನ್ನು ನೋಡಿದರೆ ಶನಿಕಾಟ ಅನ್ನುವವರು ಒಮ್ಮೆ ನೋಡಿಬಿಡಲಿ.

ಡಿಸೆಂಬರ್ 13, 14: ಜೆಮಿನಿಡ್. ಈ ವರ್ಷದ ದೊಡ್ಡ ಹಬ್ಬ ಇದೇ. ಎಳೆ ಚಂದ್ರ ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ, ಆಮೇಲೆ ಪೂರ್ತಿ ಕತ್ತಲು. ರಾತ್ರಿ ಎರಡರ ಸುಮಾರಿಗೆ ಅತಿ ಹೆಚ್ಚು.

ಡಿಸೆಂಬರ್ 24, ಹೊಸ್ತಿಲ ಹುಣ್ಣಿಮೆ: ವರ್ಷದಲ್ಲೇ ಹತ್ತಿರದ ಹುಣ್ಣಿಮೆ ಚಂದ್ರ, ಸುಮಾರು 3.57 ಲಕ್ಷ ಕಿಲೋಮೀಟರ್ ದೂರ.

ಚುಕ್ಕಿ ಬೀಳುವುದಿಲ್ಲ

ಅಪ್ಪನಿಗೆ ಹೇಳಬೇಕಿದ್ದ ಮಾತು ಇಷ್ಟು. ಬಿದ್ದದ್ದು ಚುಕ್ಕಿ ಅಲ್ಲ, ದೂಳು. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಒಂದು ಬಂಡೆ ಸೂರ್ಯನನ್ನು ಸುತ್ತುತ್ತಾ ದಾರಿಯುದ್ದಕ್ಕೂ ದೂಳು ಬಿಟ್ಟಿದೆ. ಪ್ರತಿ ಡಿಸೆಂಬರ್‌ನಲ್ಲಿ ಭೂಮಿ ಆ ದಾರಿಯನ್ನು ದಾಟುತ್ತದೆ. ಮರಳಿನ ಕಣದಷ್ಟು, ಹೆಚ್ಚೆಂದರೆ ಜೋಳದ ಕಾಳಿನಷ್ಟು ಗಾತ್ರದ ಚೂರುಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಬಡಿದು ಉರಿದುಹೋಗುತ್ತವೆ. ನೆಲಕ್ಕೆ ಏನೂ ತಲುಪುವುದಿಲ್ಲ. ಆಕಾಶ ಶುಭ್ರವಾಗಿದ್ದು ಪೂರ್ತಿ ಕತ್ತಲಿದ್ದರೆ ಗಂಟೆಗೆ ನೂರರವರೆಗೂ ಕಾಣಬಹುದು. ತೇರಿನ ತಾರೀಖು ಗೊತ್ತಿರುವ ಹಾಗೆ ಇದರ ತಾರೀಖೂ ಮೊದಲೇ ಗೊತ್ತು. ಬರಕ್ಕೂ ಅದಕ್ಕೂ ಸಂಬಂಧ ಇಲ್ಲ.

ನೋಡುವುದೂ ಸುಲಭ. ಹೊರಸು ಅಥವಾ ಚಾಪೆ ಹಾಕಿ ಮಲಗಿ. ಬ್ಯಾಟರಿ ಆರಿಸಿ, ಫೋನ್ ಜೇಬಿಗೆ ಹಾಕಿ. ಕತ್ತಲಿಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷ ಬೇಕು. ಒಂದು ಸಲ ಫೋನ್ ನೋಡಿದರೆ ಮತ್ತೆ ಮೊದಲಿಂದ.

ಕತ್ತಲು ಹೋದರೆ ಕ್ಯಾಲೆಂಡರ್ ಇದ್ದೂ ಪ್ರಯೋಜನ ಇಲ್ಲ

ಇದಕ್ಕೆಲ್ಲ ಕತ್ತಲು ಬೇಕು, ಅದು ಕಡಿಮೆಯಾಗುತ್ತಿದೆ. ನಮ್ಮೂರ ಸರ್ಕಲ್ಲಿಗೆ ಹೈಮಾಸ್ಟ್ ದೀಪ ಬಂದ ಮೇಲೆ ಅರ್ಧ ಊರಿನ ಅಂಗಳದಿಂದ ಸಣ್ಣ ಚುಕ್ಕಿಗಳು ಮಾಯವಾದವು.

ದೀಪ ಬೇಡ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಹೊರಗೆ ಹೋಗಬೇಕಾದ ಹೆಣ್ಣುಮಕ್ಕಳಿಗೆ, ಹಾವು ಚೇಳಿನ ಭಯಕ್ಕೆ, ಕೊನೆಯ ಬಸ್ಸಿಳಿದು ಬರುವವರಿಗೆ ದೀಪ ಬೇಕೇ ಬೇಕು. ಎಷ್ಟೋ ಕೇರಿಗಳಿಗೆ ಇನ್ನೂ ಸರಿಯಾಗಿ ಬಂದೇ ಇಲ್ಲ, ಮೊದಲು ಅಲ್ಲಿಗೆ ಬರಲಿ. ನಾನು ಕೇಳುವುದು ಬೆಳಕು ನೆಲಕ್ಕೆ ಬೀಳಲಿ ಅಂತ. ದೀಪದ ಮೇಲೆ ಒಂದು ಟೋಪಿ ಇದ್ದರೆ ಆಕಾಶಕ್ಕೆ ಹೋಗುವ ಬೆಳಕು ರಸ್ತೆಗೇ ಸಿಗುತ್ತದೆ. ಕರೆಂಟ್ ಬಿಲ್ ಕಟ್ಟುವುದು ಪಂಚಾಯಿತಿ, ಅಂದರೆ ನಾವೇ.

ಇದು ಆಗದ ಮಾತಲ್ಲ. ಲಡಾಖ್‌ನ ಹಾನ್ಲೆ ಅನ್ನುವ ಹಳ್ಳಿಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಅಲ್ಲಿನ ಜನ ದೀಪಗಳಿಗೆ ಮರೆ ಹಾಕಿಕೊಂಡರು. ಊರಿನವರಿಗೇ ತರಬೇತಿ ಕೊಟ್ಟು, ಬರುವ ಪ್ರವಾಸಿಗಳಿಗೆ ಆಕಾಶ ತೋರಿಸುವ ಕೆಲಸ ಕೊಟ್ಟರು. ಕತ್ತಲಿನಿಂದಲೇ ಅವರಿಗೆ ಒಂದಿಷ್ಟು ದುಡಿಮೆ ಹುಟ್ಟಿತು. ಆ ಹಾನ್ಲೆಯ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ನಮ್ಮ ಹೊಸಕೋಟೆಯ ಹತ್ತಿರ ಕೂತು, ಉಪಗ್ರಹದ ಮೂಲಕ.

ನಮ್ಮ ಪಂಚಾಯಿತಿಗಳಿಂದ ನಾನು ಕೇಳುವುದು ಮೂರೇ. ಹೊಸ ದೀಪ ಹಾಕುವಾಗ ಬೆಳಕು ಕೆಳಕ್ಕೆ ಬೀಳುವಂಥದ್ದು ಹಾಕಿ. ಅರಿವು ಕೇಂದ್ರದ ಬೋರ್ಡಿನಲ್ಲಿ ಮೇಲಿನ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಡಿಸೆಂಬರ್ 14ರ ರಾತ್ರಿ ಹನ್ನೊಂದರಿಂದ ಒಂದು ಗಂಟೆ ಹೈಮಾಸ್ಟ್ ಆರಿಸಿ, ಶಾಲೆಯ ಮೈದಾನದಲ್ಲಿ ಊರವರನ್ನೆಲ್ಲ ಸೇರಿಸಿ. ಖರ್ಚು ಏನೂ ಇಲ್ಲ.

ಓದುಗರಿಂದ ಕೇಳುವುದು ಒಂದೇ. ಈ ಪಟ್ಟಿಯನ್ನು ಪೇಟೆಯ ಗೆಳೆಯರಿಗೆ ಕಳಿಸುವ ಮೊದಲು ಮನೆಯಲ್ಲಿ ಓದಿ ಹೇಳಿ. ರಾತ್ರಿ ಪಾಳಿಗೆ ನೀರು ಹಾಯಿಸುವವರಿಗೆ, ಕುರಿ ಹಟ್ಟಿ ಕಾಯುವವರಿಗೆ, ಕಬ್ಬಿನ ಗಾಡಿಯ ಜೊತೆ ರಸ್ತೆಯಲ್ಲೇ ರಾತ್ರಿ ಕಳೆಯುವವರಿಗೆ. ಅವರ ಬಳಿ ಸ್ಮಾರ್ಟ್‌ಫೋನ್ ಇಲ್ಲದಿರಬಹುದು.

ಅಪ್ಪನಿಗೆ ಇದನ್ನೆಲ್ಲ ಆಮೇಲೆ ವಿವರಿಸಿದೆ. ಪೂರ್ತಿ ನಂಬಿದರು ಅಂತ ಹೇಳಲಾರೆ. ಆದರೆ ಈ ಸಲ ಕ್ಯಾಲೆಂಡರ್ ತೂಗುಹಾಕುವಾಗ ಡಿಸೆಂಬರ್ ಹಾಳೆ ತಿರುವಿ, 14ರ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿದರು. "ಆವತ್ತು ನಮ್ಮ ಪಾಳಿ ಹಗಲಿಗೆ ಬಂದ್ರೂ ರಾತ್ರಿ ಹೊಲಕ್ಕೆ ಹೋಗೂನು, ನೀನೂ ಬಾ" ಅಂದರು.